ಒಂಬತ್ತು ಕಪ್, ಒಂಬತ್ತು ಗೋಲು: ಬ್ರೆಜಿಲ್ ಹುಡುಗಿಯರು ಹುಟ್ಟಾ ಆಟಗಾರ್ತಿಯರೇ?

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಹದಿನಾರು ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿ ಎರಡು ವರ್ಷವಾಯಿತು. ಈ ಸಲ ಜಿಲ್ಲಾ ಮಟ್ಟದ ಮೊದಲ ಪಂದ್ಯದಲ್ಲೇ 0–9ರಿಂದ ಸೋತು ಮನೆಗೆ ಬಂದೆವು. ಮಕ್ಕಳಿಗೆ ಹುರುಪು ಬರಲಿ ಎಂದು ದಕ್ಷಿಣ ಅಮೆರಿಕದ ಮಹಿಳೆಯರ ಕೋಪಾ ಅಮೆರಿಕ ಪಂದ್ಯಾವಳಿಯ 2025ರ ಫೈನಲ್ ತುಣುಕುಗಳನ್ನು ತೋರಿಸಿದೆ. ಹುರುಪಿಗಿಂತ ಪ್ರಶ್ನೆಗಳೇ ಹೆಚ್ಚು ಬಂದವು. ಹತ್ತು ಸಲ ನಡೆದ ಪಂದ್ಯಾವಳಿಯಲ್ಲಿ ಒಂಬತ್ತು ಸಲ ಬ್ರೆಜಿಲ್ ಗೆದ್ದಿದೆ ಎಂದು ತಿಳಿದ ಮೇಲೆ, ಒಬ್ಬ ಹುಡುಗಿಯ ತಂದೆ ‘ಅವರ ರಕ್ತದಲ್ಲೇ ಆಟ ಇದೆ ಮೇಡಂ, ನಮ್ಮವರಿಗೆ ಯಾಕೆ ಸುಮ್ಮನೆ ಕಷ್ಟ ಕೊಡುತ್ತೀರಿ’ ಎಂದರು. ಫೈನಲ್‌ನ 4–4 ಅಂಕ ನೋಡಿ ‘ಇದು ಮೊದಲೇ ಮಾತಾಡಿಕೊಂಡ ಆಟ’ ಎಂದವರೂ ಇದ್ದಾರೆ. ಆಟಗಾರ್ತಿಯರನ್ನು ಕೋಣೆಯೊಳಗೆ ವಾರ್ಮ್‌ಅಪ್ ಮಾಡಿಸಿದರು, ಗುಂಪು ಹಂತದ ಪಂದ್ಯಗಳಲ್ಲಿ ವಿಎಆರ್ (ವಿಡಿಯೊ ನೋಡಿ ರೆಫರಿಯ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ ಎಂದೆಲ್ಲ ಓದಿದೆ, ನಿಜವೇ? ಮುಂದಿನ ವರ್ಷ ತಂಡವನ್ನು ಪಂದ್ಯಾವಳಿಗೆ ಕಳಿಸದೆ, ಇನ್ನೊಂದು ವರ್ಷ ಬರೀ ಅಭ್ಯಾಸ ಮಾಡಿಸಿದರೆ ಹೇಗೆ ಎಂಬ ಯೋಚನೆ ನನಗಿದೆ. ಒಂಬತ್ತು ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಹುಡುಗಿ ಈಗ ಮೈದಾನಕ್ಕೇ ಬರುತ್ತಿಲ್ಲ. ಅವಳಿಗೆ ಏನು ಹೇಳಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅಡಿಯಲ್ಲಿರುವುದು ಒಂದೇ. ಇಷ್ಟು ದೊಡ್ಡ ಅಂತರದಲ್ಲಿ ಸೋಲುವ ಮಕ್ಕಳನ್ನು ಮತ್ತೆ ಮೈದಾನಕ್ಕೆ ಇಳಿಸುವುದು ಸರಿಯೇ ಎಂಬುದು. ಹುಡುಗಿಯರ ತಂಡಗಳಿಗೆ ತರಬೇತಿ ಕೊಡುತ್ತ ನನಗೆ ಇಪ್ಪತ್ತು ವರ್ಷ ದಾಟಿದೆ. 0–9, 0–11ರಂಥ ಪಂದ್ಯಗಳನ್ನು ಬದಿಯ ಬೆಂಚಿನ ಮೇಲೆ ಕುಳಿತು ನೋಡಿದ್ದೇನೆ. ಆರನೆಯ ಗೋಲಿನ ನಂತರ ಕೋಚ್ ಕೂಗುವುದನ್ನು ನಿಲ್ಲಿಸುತ್ತಾನೆ, ಎಂಟನೆಯದರ ನಂತರ ಗಡಿಯಾರ ನೋಡುತ್ತಾನೆ. ಹಾಗಾಗಿ ನಿಮ್ಮ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ನೀವೇ ಮಕ್ಕಳಿಗೆ ತೋರಿಸಿದ ಪಂದ್ಯಾವಳಿಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ, ಆ ತಂದೆಯ ಮಾತಿಗೆ ಉತ್ತರ ಅಲ್ಲೇ ಸಿಗುತ್ತದೆ.

ಒಂಬತ್ತು ಕಪ್‌ಗಳ ಲೆಕ್ಕ ನಿಜ. 1991ರಿಂದ 2025ರವರೆಗಿನ ಹತ್ತು ಪಂದ್ಯಾವಳಿಗಳಲ್ಲಿ 2006ರದ್ದು ಮಾತ್ರ ಅರ್ಜೆಂಟೀನಾಕ್ಕೆ, ಉಳಿದವೆಲ್ಲ ಬ್ರೆಜಿಲ್‌ಗೆ. ಆದರೆ ಈ ಲೆಕ್ಕ ಏನನ್ನು ಅಳೆಯುತ್ತದೆ ಎಂದು ಕೇಳಿಕೊಳ್ಳಬೇಕು. 1991ರಲ್ಲಿ ಬ್ರೆಜಿಲ್‌ನ ಮರಿಂಗಾ ಎಂಬ ಊರಿನಲ್ಲಿ ಮೊದಲ ಸಲ ಈ ಪಂದ್ಯಾವಳಿ ನಡೆದಾಗ ಬಂದದ್ದು ಮೂರೇ ತಂಡ: ಬ್ರೆಜಿಲ್, ಚಿಲಿ, ವೆನೆಜುವೆಲಾ. 1995ರಲ್ಲಿ ಐದು. ಖಂಡದ ಹತ್ತೂ ದೇಶಗಳು ಒಟ್ಟಿಗೆ ಕಾಣಿಸಿಕೊಂಡದ್ದು 1998ರಲ್ಲಿ, ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ. ಅಂದರೆ ಮೊದಲ ಎರಡು ಕಪ್‌ಗಳ ಕಾಲಕ್ಕೆ ಖಂಡದ ಅರ್ಧಕ್ಕರ್ಧ ದೇಶಗಳು ಪಂದ್ಯಾವಳಿಗೆ ತಂಡವನ್ನೇ ಕಳಿಸಿರಲಿಲ್ಲ.

ಆ 1998ರ ಪಂದ್ಯಾವಳಿಯ ಒಂದು ಅಂಕವನ್ನು ನಿಮ್ಮ ಮಕ್ಕಳಿಗೆ ಹೇಳಿ. ಬ್ರೆಜಿಲ್ 15, ಪೆರು 0. ಆರು ನಿಮಿಷಕ್ಕೊಂದು ಗೋಲು. ನಿಮ್ಮ ಒಂಬತ್ತು ಇದರ ಮುಂದೆ ಸಣ್ಣದು. ಈಗ ಇನ್ನೊಂದು ಹೇಳುತ್ತೇನೆ: ಆ ಪಂದ್ಯಾವಳಿ ಮುಗಿದಾಗ ಹತ್ತು ತಂಡಗಳಲ್ಲಿ ಪೆರು ಮೂರನೆಯ ಸ್ಥಾನದಲ್ಲಿತ್ತು. ಹದಿನೈದು ತಿಂದ ತಂಡ ಅದೇ ಪಂದ್ಯಾವಳಿಯಲ್ಲಿ ಮೂರನೆಯದಾಗಿ ಬಂದಿತು. ಗುಂಪು ಹಂತವಿದ್ದುದರಿಂದ ಅವರಿಗೆ ಮರುದಿನ ಬ್ಯಾಗ್ ಕಟ್ಟುವ ಗತಿ ಬರಲಿಲ್ಲ, ಮತ್ತೆ ಆಡುವ ಅವಕಾಶ ಸಿಕ್ಕಿತು. ನಮ್ಮ ಶಾಲಾ ಪಂದ್ಯಾವಳಿಗಳು ನಾಕೌಟ್ ಆಗಿರುವುದರಿಂದ ನಿಮ್ಮ ಮಕ್ಕಳಿಗೆ ಅದು ಸಿಗಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೆ ಬರುತ್ತೇನೆ.

ಇದಕ್ಕಿಂತ ವಿಚಿತ್ರವಾದದ್ದು 2006ರ ಕಥೆ. ಅರ್ಜೆಂಟೀನಾ ತನ್ನ ನೆಲದಲ್ಲಿ ಬ್ರೆಜಿಲ್ ತಂಡವನ್ನು 2–0ರಿಂದ ಸೋಲಿಸಿ ಖಂಡದ ಚಾಂಪಿಯನ್ ಆಯಿತು. ಒಂದು ವರ್ಷ ತುಂಬುವ ಮೊದಲೇ, 2007ರ ಸೆಪ್ಟೆಂಬರ್‌ನಲ್ಲಿ ಶಾಂಘೈನಲ್ಲಿ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಆಡಿ ಜರ್ಮನಿಗೆ 0–11ರಿಂದ ಸೋತಿತು. ಎರಡನೆಯ ಸ್ಥಾನದಲ್ಲಿದ್ದ ಬ್ರೆಜಿಲ್ ಅದೇ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 4–0ರಿಂದ ಮಣಿಸಿ ಫೈನಲ್‌ವರೆಗೆ ಹೋಯಿತು. ಚಾಂಪಿಯನ್ ಎಂಬ ಪಟ್ಟವನ್ನಷ್ಟೇ ನೋಡಿ ತಂಡವನ್ನು ಅಳೆಯುವವರಿಗೆ ನಾನು ಯಾವಾಗಲೂ ಈ ಎರಡು ಅಂಕಗಳನ್ನು ಹೇಳುತ್ತೇನೆ.

ಇನ್ನು ‘ರಕ್ತದಲ್ಲೇ ಆಟ’ ಎಂಬ ಮಾತು. ಆ ತಂದೆಯ ಮೇಲೆ ನನಗೆ ಸಿಟ್ಟಿಲ್ಲ, ಟಿ.ವಿ.ಯಲ್ಲಿ ಹಳದಿ ಜರ್ಸಿ ನೋಡಿ ಬೆಳೆದವರೆಲ್ಲ ಹಾಗೇ ಅಂದುಕೊಂಡಿದ್ದೇವೆ. ಆದರೆ ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದು ಸುಮಾರು ನಾಲ್ಕು ದಶಕಗಳ ಕಾಲ ಕಾನೂನಿಗೆ ವಿರುದ್ಧವಾಗಿತ್ತು. 1941ರಲ್ಲಿ ಗೆಟುಲಿಯೊ ವರ್ಗಾಸ್ ಸರ್ಕಾರ ‘ಸ್ತ್ರೀ ಸ್ವಭಾವಕ್ಕೆ ಒಗ್ಗದ’ ಆಟಗಳನ್ನು ಹೆಂಗಸರು ಆಡಕೂಡದು ಎಂದು ಆಜ್ಞೆ ಹೊರಡಿಸಿತು. 1965ರಲ್ಲಿ ಮಿಲಿಟರಿ ಆಡಳಿತ ಫುಟ್‌ಬಾಲ್ ಹೆಸರನ್ನೇ ಎತ್ತಿ ನಿಷೇಧಿಸಿತು. ನಿಷೇಧ ತೆರವಾದದ್ದು 1979ರಲ್ಲಿ. ಏಳು ವಿಶ್ವಕಪ್, ಏಳು ಒಲಿಂಪಿಕ್ಸ್ ಆಡಿದ ಫೊರ್ಮಿಗಾ (ಪೋರ್ಚುಗೀಸಿನಲ್ಲಿ ಈ ಹೆಸರಿಗೆ ಇರುವೆ ಎಂದು ಅರ್ಥ) ಹುಟ್ಟಿದ್ದು 1978ರಲ್ಲಿ. ಆಕೆ ಮುಂದೆ ಆಡಬೇಕಾಗಿದ್ದ ಆಟ ಆಗಿನ್ನೂ ಆಕೆಯ ದೇಶದಲ್ಲಿ ಹೆಂಗಸರಿಗೆ ನಿಷಿದ್ಧವಾಗಿತ್ತು.

ಬ್ರೆಜಿಲ್‌ನ ಅತಿ ಹೆಸರಾಂತ ಆಟಗಾರ್ತಿ ಮಾರ್ತಾ ಕಥೆಯೂ ಬೇರೆಯಲ್ಲ. ಅಲಗೋವಾಸ್ ರಾಜ್ಯದ ದೊಯಿಸ್ ರಿಯಾಷೋಸ್ ಎಂಬ ಒಣಭೂಮಿಯ ಸಣ್ಣ ಊರಿನಲ್ಲಿ ಹುಡುಗರ ಜೊತೆ ಆಡುತ್ತ ಬೆಳೆದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಮೂರು ದಿನ ಬಸ್ಸಿನಲ್ಲಿ ಕೂತು ರಿಯೊ ಸೇರಿ ವಾಸ್ಕೊ ದ ಗಾಮಾ ಕ್ಲಬ್ಬಿನ ಆಯ್ಕೆಗೆ ನಿಂತಳು. ಆಕೆಗಿಂತ ಮುಂಚಿನ ತಲೆಮಾರು ಪುರುಷರ ತಂಡದ ಹಳೆಯ, ದೊಗಲೆ ಜರ್ಸಿ ತೊಟ್ಟು ದೇಶಕ್ಕಾಗಿ ಆಡಿದೆ. 1991ರ ಮೊದಲ ವಿಶ್ವಕಪ್‌ನಲ್ಲಿ ಈ ‘ಹುಟ್ಟಾ ಆಟಗಾರ್ತಿಯರು’ ಅಮೆರಿಕದ ಎದುರು 0–5ರಿಂದ ಸೋತರು.

ಹಾಗಾದರೆ ತಮ್ಮ ಖಂಡದಲ್ಲಿ ಅವರೇ ಏಕೆ ಗೆದ್ದರು? ನನ್ನ ಉತ್ತರ ಒಂದೇ ಸಾಲಿನದು: ಅವರಿಗೆ ಆಡಲು ಪಂದ್ಯಗಳು ಸಿಕ್ಕವು, ಉಳಿದವರಿಗೆ ಸಿಗಲಿಲ್ಲ. ನಿಷೇಧ ತೆರವಾದ ಕೂಡಲೇ ರಿಯೊದ ರಾಡಾರ್ ಎಂಬ ಕ್ಲಬ್ ಹೆಂಗಸರ ತಂಡ ಕಟ್ಟಿ ಊರೂರು ಸುತ್ತಿ ಆಡಿತು. 1986ರಲ್ಲಿ ದೇಶದ ತಂಡ ಬಂದಿತು. 1988ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಪ್ರಾಯೋಗಿಕ ಪಂದ್ಯಾವಳಿ ನಡೆಸಿದಾಗ, ಬಹುಮಟ್ಟಿಗೆ ರಾಡಾರ್‌ನವರೇ ತುಂಬಿದ್ದ ಆ ತಂಡ ಮೂರನೆಯ ಸ್ಥಾನ ಪಡೆಯಿತು. ಅಲ್ಲಿಂದ ಮುಂದೆ ಒಂದೇ ಒಂದು ವಿಶ್ವಕಪ್ಪನ್ನೂ ಅದು ತಪ್ಪಿಸಿಕೊಂಡಿಲ್ಲ. ಒಲಿಂಪಿಕ್ಸ್‌ಗೆ ಮಹಿಳಾ ಫುಟ್‌ಬಾಲ್ ಸೇರಿದ 1996ರಿಂದ ಅಲ್ಲೂ ತಪ್ಪಿಸಿಕೊಂಡಿಲ್ಲ. ಗೆದ್ದವರು ದೊಡ್ಡ ಪಂದ್ಯಾವಳಿಗೆ ಹೋದರು, ಹೋದಲ್ಲೆಲ್ಲ ಬಲವಾದ ತಂಡಗಳ ಎದುರು ಆಡಿದರು, ಆಡಿದ್ದರಿಂದ ಮತ್ತೆ ಗೆದ್ದರು. ಸೋತವರು ಮನೆಗೆ ಹೋದರು, ಮುಂದಿನ ಪಂದ್ಯಾವಳಿಗೆ ನಾಲ್ಕು ವರ್ಷ ಕಾದರು.

ಕಾದರು ಎಂದೆನಲ್ಲ, ಅದು ಬರೀ ಮಾತಿನ ಅಲಂಕಾರವಲ್ಲ. 2014ರ ನಂತರ ಚಿಲಿಯ ಮಹಿಳಾ ತಂಡಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಸಿಗಲಿಲ್ಲ. ಬಹಳ ಕಾಲ ಆಡದ ತಂಡವನ್ನು ಫಿಫಾ ತನ್ನ ಶ್ರೇಯಾಂಕ ಪಟ್ಟಿಯಿಂದ ತೆಗೆಯುತ್ತದೆ. 2016ರಲ್ಲಿ ಚಿಲಿಯ ಹೆಸರೂ ಪಟ್ಟಿಯಿಂದ ಹೋಯಿತು. ದೇಶವಿದೆ, ಸಂಸ್ಥೆಯಿದೆ, ಕ್ರಿಸ್ಟಿಯಾನೆ ಎಂಡ್ಲರ್‌ಳಂಥ ಜಗತ್ತಿನ ಅತ್ಯುತ್ತಮರ ಸಾಲಿನ ಗೋಲ್‌ಕೀಪರ್ ಇದ್ದಾಳೆ, ಆದರೆ ಪಟ್ಟಿಯ ಪ್ರಕಾರ ತಂಡವೇ ಇಲ್ಲ! ಆಟಗಾರ್ತಿಯರು ತಮ್ಮದೇ ಸಂಘ ಕಟ್ಟಿಕೊಂಡು ಸಂಸ್ಥೆಯ ಬಾಗಿಲು ತಟ್ಟಿದರು. ಪಂದ್ಯಗಳು ಮತ್ತೆ ಶುರುವಾದವು. 2018ರ ಕೋಪಾ ಚಿಲಿಯಲ್ಲೇ ನಡೆಯಿತು, ಕೊನೆಯ ಪಂದ್ಯದಲ್ಲಿ ಅರ್ಜೆಂಟೀನಾವನ್ನು 4–0ರಿಂದ ಸೋಲಿಸಿದ ಚಿಲಿ ಎರಡನೆಯ ಸ್ಥಾನ ಪಡೆದು ಮೊದಲ ಬಾರಿಗೆ ವಿಶ್ವಕಪ್‌ಗೆ ಹೋಯಿತು. ಪಟ್ಟಿಯಿಂದ ಅಳಿಸಿಹೋದ ಹೆಸರು ವಿಶ್ವಕಪ್‌ಗೆ ಅರ್ಹತೆ ಪಡೆಯಲು ಹಿಡಿದದ್ದು ಎರಡೇ ವರ್ಷ. ಆ ಎರಡು ವರ್ಷದಲ್ಲಿ ರಕ್ತವೇನೂ ಬದಲಾಗಿರಲಿಲ್ಲ.

ಅರ್ಜೆಂಟೀನಾದ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ಎರಡು ವರ್ಷ ಪಂದ್ಯವಿಲ್ಲದೆ ಕಳೆದು, 2017ರಲ್ಲಿ ಮತ್ತೆ ತಂಡ ಸೇರಿದಾಗ ಉರುಗ್ವೆಯಲ್ಲಿ ಸೌಹಾರ್ದ ಪಂದ್ಯಕ್ಕೆ ಹೋದವರು ಬಸ್ಸಿನಲ್ಲೇ ಮಲಗಿ ಎದ್ದು ಆಡಿದರು. ದಿನಭತ್ಯೆ 150 ಪೆಸೊ, ಅದೂ ಕೈಗೆ ಬರಲಿಲ್ಲ, ಮುಷ್ಕರ ಹೂಡಿದರು. 2018ರ ಕೋಪಾದಲ್ಲಿ ಪಂದ್ಯಕ್ಕೆ ಮುನ್ನ ತಂಡದ ಫೋಟೊಗೆ ನಿಂತವರು ಎರಡೂ ಕೈ ಕಿವಿಯ ಹಿಂದೆ ಹಿಡಿದು, ‘ನಮ್ಮ ಮಾತು ಕೇಳಿ’ ಎಂಬಂತೆ ಕ್ಯಾಮೆರಾ ನೋಡಿದರು. ಆ ಚಿತ್ರ ಸಿಕ್ಕರೆ ಮಕ್ಕಳಿಗೆ ತೋರಿಸಿ, ವಿವರಣೆಯೇ ಬೇಡ. ಅವರು ಮೂರನೆಯವರಾಗಿ ಬಂದು, ಪ್ಲೇಆಫ್‌ನಲ್ಲಿ (ಅರ್ಹತೆಗೆ ಉಳಿದ ಕೊನೆಯ ಅವಕಾಶದ ಪಂದ್ಯಗಳಲ್ಲಿ) ಪನಾಮಾವನ್ನು ಸೋಲಿಸಿ ವಿಶ್ವಕಪ್ ಸೇರಿದರು. ಅಲ್ಲಿ ಸ್ಕಾಟ್ಲೆಂಡ್ ಎದುರು 0–3ರಿಂದ ಹಿಂದಿದ್ದವರು 3–3 ಮಾಡಿಕೊಂಡರು. 2019ರ ಮಾರ್ಚ್‌ನಲ್ಲಿ ಅಲ್ಲಿನ ಮಹಿಳಾ ಲೀಗ್ ವೃತ್ತಿಪರವಾಯಿತು. ಖಂಡದ ಕ್ಲಬ್ ಪಂದ್ಯಾವಳಿಯಾದ ಕೋಪಾ ಲಿಬರ್ಟಡೋರೆಸ್ ಆಡುವ ಪ್ರತಿ ಪುರುಷರ ಕ್ಲಬ್ಬಿಗೂ ಮಹಿಳಾ ತಂಡ ಇರಲೇಬೇಕು ಎಂಬ ನಿಯಮವೂ ಅದೇ ವರ್ಷ ಜಾರಿಗೆ ಬಂದಿತು. ಕಾಗದದ ಮೇಲಿನ ಸಣ್ಣ ನಿಯಮ ಎನಿಸಬಹುದು. ಆದರೆ ಹುಡುಗಿಯೊಬ್ಬಳಿಗೆ ವಾರಕ್ಕೊಂದು ಪಂದ್ಯ ಸಿಗುವಂತೆ ಮಾಡುವುದು ಇಂಥ ನಿಯಮಗಳೇ.

ನಿಮ್ಮ ಮಕ್ಕಳು ಫೈನಲ್‌ನಲ್ಲಿ ನೋಡಿದ ಲಿಂಡಾ ಕೈಸೆಡೊ ಇಂಥದೇ ಬೆಳೆ. ಕೊಲಂಬಿಯಾದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಶುರುವಾದದ್ದು 2017ರಲ್ಲಿ. 2019ರಲ್ಲಿ ಹದಿನಾಲ್ಕರ ಹುಡುಗಿಯಾಗಿ ಆಕೆ ಅಮೆರಿಕ ದೆ ಕಾಲಿ ತಂಡಕ್ಕೆ ಆಡಲು ಇಳಿದಳು. ಹದಿನೈದರಲ್ಲಿ ಅಂಡಾಶಯದ ಕ್ಯಾನ್ಸರ್, ಶಸ್ತ್ರಚಿಕಿತ್ಸೆ. ಹದಿನೇಳರಲ್ಲಿ, 2022ರ ಕೋಪಾದ ಅತ್ಯುತ್ತಮ ಆಟಗಾರ್ತಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಕೆ ನವಿ ಮುಂಬೈಗೂ ಬಂದಿದ್ದಳು. ಹದಿನೇಳರೊಳಗಿನವರ ವಿಶ್ವಕಪ್‌ನ ಫೈನಲ್‌ನಲ್ಲಿ ಕೊಲಂಬಿಯಾ ಸ್ಪೇನ್‌ಗೆ 0–1ರಿಂದ ಸೋತಿತು. ನಿಮ್ಮೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ ಆಕೆ ಆಡಿದ್ದಳು.

ಈಗ ‘ಮೊದಲೇ ಮಾತಾಡಿಕೊಂಡ ಆಟ’ ಎಂಬ ಗುಮಾನಿ. ಹಾಗೆ ಹೇಳಲು ಒಂದು ಎಳೆಯಷ್ಟೂ ಆಧಾರವಿಲ್ಲ. 2025ರ ಆಗಸ್ಟ್ 2ರಂದು, ನಮ್ಮಲ್ಲಿ ಭಾನುವಾರದ ನಸುಕಿನಲ್ಲಿ, ಎಕ್ವಡೋರ್‌ನ ರಾಜಧಾನಿ ಕ್ವಿಟೊದಲ್ಲಿ ನಡೆದ ಆ ಫೈನಲ್ಲನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೆಯ ಸಲ ಪೆನ್ನು ಹಿಡಿದು. ಕೈಸೆಡೊ ಗೋಲಿನಿಂದ ಕೊಲಂಬಿಯಾ ಮುಂದಾಯಿತು. ಮೊದಲಾರ್ಧದ ಕೊನೆಗೆ ಆಂಜೆಲಿನಾ ಪೆನಾಲ್ಟಿ ಹೊಡೆದು ಸಮ ಮಾಡಿದಳು. ಆಮೇಲೆ ಬಂದದ್ದು ಶಾಲಾ ಮೈದಾನದಲ್ಲಿ ನಾವು ದಿನಾ ನೋಡುವಂಥ ತಪ್ಪು. ಡಿಫೆಂಡರ್ ತಾರ್ಸಿಯಾನೆ ತಲೆಯೆತ್ತಿ ನೋಡದೆ ಚೆಂಡನ್ನು ಹಿಂದಕ್ಕೆ ತಳ್ಳಿದಳು, ಗೋಲ್‌ಕೀಪರ್ ಲೊರೆನಾ ಆ ದಾರಿಯಲ್ಲಿ ಇರಲೇ ಇಲ್ಲ, ಚೆಂಡು ಉರುಳಿಕೊಂಡು ತಮ್ಮದೇ ಗೋಲಿಗೆ ಹೋಯಿತು. ಎದುರಾಳಿ ಯಾರೂ ಒದೆಯದೆ, ಯಾರೂ ತಡೆಯದೆ. ಅಮಾಂಡಾ ಗುಟಿಯೆರೆಸ್ 2–2 ಮಾಡಿದಳು. 88ನೆಯ ನಿಮಿಷದಲ್ಲಿ ಮಾಯ್ರಾ ರಮಿರೆಜ್ ಕೊಲಂಬಿಯಾಕ್ಕೆ ಮತ್ತೆ ಮುನ್ನಡೆ ಕೊಟ್ಟಳು. ಅಷ್ಟು ಹೊತ್ತಿಗೆ ಬದಲಿಯಾಗಿ ಇಳಿದಿದ್ದ 39ರ ಮಾರ್ತಾ, ಹೆಚ್ಚುವರಿಯಾಗಿ ಕೊಟ್ಟ ಆರನೆಯ ನಿಮಿಷದಲ್ಲಿ ದೂರದಿಂದ ಎಡಗಾಲಿನಲ್ಲಿ ಹೊಡೆದ ಚೆಂಡು ನೆಟ್ ಸೇರಿತು. ಅಧಿಕ ಅವಧಿಯಲ್ಲಿ ಮತ್ತೆ ಮಾರ್ತಾ, 4–3. ಮುಗಿಯಿತು ಅಂದುಕೊಳ್ಳುವಾಗ 115ನೆಯ ನಿಮಿಷದಲ್ಲಿ ಲೇಸಿ ಸಾಂಟೋಸ್ ಫ್ರೀಕಿಕ್ಕಿನಲ್ಲಿ 4–4. ಶೂಟೌಟ್‌ನಲ್ಲಿ ಗೆಲುವಿನ ಒದೆತ ಮಾರ್ತಾಳದ್ದೇ ಆಗಬೇಕಿತ್ತು; ಅದನ್ನು ಕೊಲಂಬಿಯಾದ ಕ್ಯಾಥರೀನ್ ತಾಪಿಯಾ ಹಿಡಿದು ನಿಲ್ಲಿಸಿದಳು. ಕೊನೆಗೆ 5–4ರಿಂದ ಬ್ರೆಜಿಲ್ ಗೆದ್ದಿತು. ಮಾತಾಡಿಕೊಂಡು ಆಡುವವರು ತಮ್ಮ ದೇಶದ ಮಹಾ ಆಟಗಾರ್ತಿಯ ಕೈಯಲ್ಲಿ ಆ ಪೆನಾಲ್ಟಿ ತಪ್ಪಿಸುತ್ತಿರಲಿಲ್ಲ. ಕೊಲಂಬಿಯಾ ಇದೂ ಸೇರಿ ನಾಲ್ಕು ಸಲ ಬ್ರೆಜಿಲ್‌ನ ಹಿಂದೆ ಎರಡನೆಯದಾಗಿದೆ. 2022ರ ಫೈನಲ್‌ನಲ್ಲಿ ಒಂದೇ ಒಂದು ಪೆನಾಲ್ಟಿ ಗೋಲಿನ ಅಂತರ, 2025ರಲ್ಲಿ ಅದೂ ಇಲ್ಲ. ಅಂತರ ಕರಗುತ್ತಿದೆ, ಅಷ್ಟೇ.

ಕೋಣೆಯೊಳಗಿನ ವಾರ್ಮ್‌ಅಪ್ ನಿಜ. ಒಂದೇ ಮೈದಾನದಲ್ಲಿ ಒಂದರ ಬೆನ್ನಿಗೆ ಇನ್ನೊಂದು ಪಂದ್ಯ ಇಟ್ಟುಕೊಂಡು, ಹುಲ್ಲು ಹಾಳಾಗಬಾರದೆಂದು ಸಂಘಟಕರು ತಂಡಗಳಿಗೆ ಮೈದಾನಕ್ಕೆ ಇಳಿಯಲು ಬಿಡಲಿಲ್ಲ. ಬ್ರೆಜಿಲ್ ಆಟಗಾರ್ತಿಯರು ಇಕ್ಕಟ್ಟಾದ ಒಳಾಂಗಣದಲ್ಲಿ, ಎದುರಾಳಿ ತಂಡದ ಜೊತೆಯೇ ಜಾಗ ಹಂಚಿಕೊಂಡು ಮೈ ಬಿಸಿ ಮಾಡಿಕೊಳ್ಳಬೇಕಾಯಿತು. ಮಾರ್ತಾ ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡ ಮೇಲೆ ಮೈದಾನದಲ್ಲಿ ಹದಿನೈದು ನಿಮಿಷ ಕೊಟ್ಟರು. ವಿಎಆರ್ ಮಾತೂ ನಿಜ, ಅದು ಸೆಮಿಫೈನಲ್‌ನಿಂದ ಮಾತ್ರ ಇತ್ತು. ಫೈನಲ್‌ನಲ್ಲಿ ಬ್ರೆಜಿಲ್‌ನ ಮೊದಲ ಗೋಲು ಬಂದದ್ದೇ ವಿಎಆರ್ ನೋಡಿ ಕೊಟ್ಟ ಪೆನಾಲ್ಟಿಯಿಂದ ಎಂಬುದನ್ನು ಗಮನಿಸಿ. ಅದೇ ತಪ್ಪು ಗುಂಪು ಹಂತದಲ್ಲಿ ನಡೆದಿದ್ದರೆ ಕಣ್ಣಿಗೆ ಬೀಳದೇ ಹೋಗಬಹುದಿತ್ತು. ಚಾಂಪಿಯನ್ ತಂಡಕ್ಕೆ ಬಹುಮಾನ 15 ಲಕ್ಷ ಡಾಲರ್. 2024ರ ಪುರುಷರ ಕೋಪಾ ಗೆದ್ದ ಅರ್ಜೆಂಟೀನಾಕ್ಕೆ 1.6 ಕೋಟಿ ಡಾಲರ್. ಲೆಕ್ಕ ನೀವೇ ಹಾಕಿಕೊಳ್ಳಿ.

ವಾರ್ಮ್‌ಅಪ್ ವಿಷಯವನ್ನು ನಾನು ಬರೀ ಮರ್ಯಾದೆಯ ಪ್ರಶ್ನೆಯಾಗಿ ನೋಡುವುದಿಲ್ಲ. ಒಂದೇ ಆಟ ಆಡುವ ಹುಡುಗರಿಗೆ ಹೋಲಿಸಿದರೆ ಹುಡುಗಿಯರಲ್ಲಿ ಮೊಣಕಾಲಿನ ಒಳಗಿನ ಅಡ್ಡ ಅಸ್ಥಿರಜ್ಜು ಹರಿಯುವುದು ಹೆಚ್ಚು. ಹೆಚ್ಚಿನ ಸಲ ಅದು ಯಾರೂ ತಾಗದೆ ಆಗುತ್ತದೆ: ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗುತ್ತಾಳೆ, ಅಥವಾ ಹೆಡ್ ಮಾಡಿ ನೆಟ್ಟಗಿನ ಕಾಲಿನ ಮೇಲೆ ಇಳಿಯುತ್ತಾಳೆ, ಮಂಡಿ ಒಳಕ್ಕೆ ವಾಲುತ್ತದೆ. ನೀವು ಒಂದು ಕೆಲಸ ಮಾಡಿ. ಮಕ್ಕಳನ್ನು ಒಂದು ಮೆಟ್ಟಿಲಿನಿಂದ ಎರಡೂ ಕಾಲಲ್ಲಿ ಜಿಗಿಯಲು ಹೇಳಿ, ಎದುರು ಕೂತು ಮಂಡಿಗಳನ್ನೇ ನೋಡಿ. ಇಳಿದಾಗ ಎರಡು ಮಂಡಿ ಒಂದಕ್ಕೊಂದು ಹತ್ತಿರವಾದರೆ, ಆ ಹುಡುಗಿಗೆ ಮೊದಲು ಇಳಿಯುವುದನ್ನು ಕಲಿಸಬೇಕು, ಚೆಂಡು ಆಮೇಲೆ. ಫಿಫಾದ ‘11 ಪ್ಲಸ್’ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಕ್ರಮ ಇದಕ್ಕೆಂದೇ ರೂಪಿಸಿದ್ದು; ಸಾಮಾನು ಬೇಡ, ಆರು ಜೊತೆ ಕೋನ್ ಸಾಕು, ಇಟ್ಟಿಗೆ ಚೂರಾದರೂ ನಡೆಯುತ್ತದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡಿಸಿ.

ಎತ್ತರದ ಬಗ್ಗೆ ನೀವು ಕೇಳಿಲ್ಲ, ಆದರೂ ಫೈನಲ್ ನೋಡುವವರಿಗೆ ಗೊತ್ತಿರಲಿ. ಕ್ವಿಟೊ ಇರುವುದು ಸುಮಾರು 2850 ಮೀಟರ್ ಮೇಲೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಒಂಬೈನೂರು ಮೀಟರ್ ಎತ್ತರದಲ್ಲಿ. ಗಾಳಿ ತೆಳು; ಉಸಿರು ಬೇಗ ಸೋಲುತ್ತದೆ, ದೂರದಿಂದ ಹೊಡೆದ ಚೆಂಡು ಗೋಲ್‌ಕೀಪರ್ ಎಣಿಸಿದ್ದಕ್ಕಿಂತ ವೇಗವಾಗಿ ಬರುತ್ತದೆ. ಆದರೆ ಎತ್ತರವೇ ಗೆಲ್ಲಿಸುತ್ತದೆ ಎಂಬುದು ಇನ್ನೊಂದು ಕಟ್ಟುಕಥೆ. ಆತಿಥೇಯ ಎಕ್ವಡೋರ್ ಸೆಮಿಫೈನಲ್ಲಿಗೂ ಬರಲಿಲ್ಲ.

ನನಗೆ ಈ ಪಂದ್ಯಾವಳಿಯಲ್ಲಿ ಫೈನಲ್‌ಗಿಂತ ಮುಖ್ಯವಾಗಿ ಕಂಡದ್ದು ಹೆಚ್ಚು ಜನ ಗಮನಿಸದ ಒಂದು ಬದಲಾವಣೆ. ಇಲ್ಲಿಯವರೆಗೆ ಕೋಪಾದಲ್ಲಿ ಮೇಲಿನ ಸ್ಥಾನ ಪಡೆದವರಿಗೆ ವಿಶ್ವಕಪ್ ಟಿಕೆಟ್. ಎರಡು ಮೂರು ವಾರದಲ್ಲಿ ನಾಲ್ಕು ವರ್ಷದ ಹಣೆಬರಹ ತೀರ್ಮಾನವಾಗುತ್ತಿತ್ತು. ಈಗ ವಿಶ್ವಕಪ್ ಅರ್ಹತೆಗೆ ಪ್ರತ್ಯೇಕ ನೇಷನ್ಸ್ ಲೀಗ್ ಇದೆ. 2027ರ ವಿಶ್ವಕಪ್ ಬ್ರೆಜಿಲ್‌ನಲ್ಲೇ ನಡೆಯುವುದರಿಂದ ಅದನ್ನು ಬಿಟ್ಟು ಉಳಿದ ಒಂಬತ್ತು ದೇಶಗಳು 2025ರ ಅಕ್ಟೋಬರ್‌ನಿಂದ 2026ರ ಜೂನ್‌ವರೆಗೆ ಒಬ್ಬರಿಗೊಬ್ಬರು ಆಡುವ ವ್ಯವಸ್ಥೆ. ಇಬ್ಬರಿಗೆ ನೇರ ಪ್ರವೇಶ, ಇನ್ನಿಬ್ಬರಿಗೆ ಪ್ಲೇಆಫ್. ಮೊದಲ ಪಂದ್ಯ ಸೋತ ತಂಡಕ್ಕೂ ಇನ್ನೂ ಏಳು ಪಂದ್ಯ ಇದ್ದೇ ಇರುತ್ತವೆ. ತೊಂದರೆಯೂ ಇದೆ: ವಿಮಾನದ ಖರ್ಚು ಸಣ್ಣ ಸಂಸ್ಥೆಗಳಿಗೆ ಹೊರೆ, ಬಲವಾದ ತಂಡಗಳ ಎದುರು ಸಣ್ಣ ತಂಡಗಳು ತಿಂಗಳುಗಟ್ಟಲೆ ಸೋಲುತ್ತ ಹೋಗಬೇಕು. ಆದರೂ ಹತ್ತು ತಂಡಗಳ ಆ ಖಂಡ ಮೂವತ್ತು ವರ್ಷ ತಡವಾಗಿ ಸರಿಯಾದ ಪಾಠ ಕಲಿತಿದೆ ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ತಂಡಕ್ಕೆ ಬರೋಣ. ನಾಕೌಟ್‌ನಲ್ಲಿ ಮೊದಲ ಪಂದ್ಯ ಸೋತ ನಿಮ್ಮ ಮಕ್ಕಳು ಇಡೀ ವರ್ಷದಲ್ಲಿ ಜಿಲ್ಲಾ ಮಟ್ಟದಲ್ಲಿ ಆಡಿದ್ದು ಒಂದು ಪಂದ್ಯ. ಮುಂದಿನ ವರ್ಷ ಹಿಂದೆ ಸರಿದರೆ ಸೊನ್ನೆ ಪಂದ್ಯ. ಅದು 2015, 16ರ ಚಿಲಿಯ ದಾರಿ. ಬರೀ ಅಭ್ಯಾಸದಿಂದ ಕಾಲು ಗಟ್ಟಿಯಾಗುತ್ತದೆ, ಆದರೆ ಎದುರಾಳಿ ಮೈಮೇಲೆ ಬಂದಾಗ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಅದರ ಮೇಲೆ, ಹೈಸ್ಕೂಲಿನ ಹುಡುಗಿಗೆ ಒಂದು ವರ್ಷ ಎಂದರೆ ಅವಳ ಆಟದ ಬದುಕಿನ ಮೂರನೆಯ ಒಂದು ಭಾಗ. ಒಂಬತ್ತನೆಯ ತರಗತಿಯವಳಿಗೆ ‘ಮುಂದಿನ ವರ್ಷ’ ಎಂದರೆ ಎಸ್ಸೆಸ್ಸೆಲ್ಸಿ. ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹಾಗಾಗಿ ಹಿಂದೆ ಸರಿಯುವುದು ಬೇಡ ಎಂದೇ ಹೇಳುತ್ತೇನೆ.

ಹೋದದ್ದಕ್ಕೆ ಹೋಗಿ ಮತ್ತೆ ಒಂಬತ್ತು ತಿಂದು ಬನ್ನಿ ಎಂದೂ ಹೇಳುವುದಿಲ್ಲ. ಜಿಲ್ಲಾ ಪಂದ್ಯಕ್ಕೆ ಮುನ್ನ ಮಕ್ಕಳು ಹತ್ತು ಹನ್ನೆರಡು ನಿಜವಾದ ಪಂದ್ಯ ಆಡಿರಬೇಕು. ಸುತ್ತಲಿನ ಮೂರು ಶಾಲೆ ಸಿಕ್ಕರೆ ಸಾಕು, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಏಳು ಜನರ ತಂಡದ ಸಣ್ಣ ಲೀಗ್ ಮಾಡಿ, ಅರ್ಧ ಮೈದಾನ, ಇಪ್ಪತ್ತು ನಿಮಿಷದ ಎರಡು ಅವಧಿ. ನಾಕೌಟ್ ಬೇಡ, ಎಲ್ಲರೂ ಎಲ್ಲರೊಡನೆ ನಾಲ್ಕು ಸಲ. ಏಳು ಜನರ ಆಟದಲ್ಲಿ ಒಬ್ಬೊಬ್ಬಳಿಗೂ ಚೆಂಡು ಹೆಚ್ಚು ಸಲ ಕಾಲಿಗೆ ಸಿಗುತ್ತದೆ. ಅಪಾಯ ಇರುವುದು ಬೇರೆ ಕಡೆ: ಇಂಥ ಲೀಗ್ ಮೂರನೆಯ ವಾರಕ್ಕೆ ಕುಸಿಯುತ್ತದೆ, ಒಂದು ಶಾಲೆಯಲ್ಲಿ ಪರೀಕ್ಷೆ, ಇನ್ನೊಂದರಲ್ಲಿ ಮಳೆ. ವೇಳಾಪಟ್ಟಿಗೆ ಮುಖ್ಯೋಪಾಧ್ಯಾಯರ ಸಹಿ ಮೊದಲೇ ಹಾಕಿಸಿಟ್ಟುಕೊಳ್ಳಿ. ಎದುರಾಳಿ ಶಾಲೆಗಳೇ ಸಿಗದಿದ್ದರೆ ನಿಮ್ಮದೇ ಶಾಲೆಯ ಏಳನೆಯ, ಎಂಟನೆಯ ತರಗತಿಯ ಹುಡುಗರೊಂದಿಗೆ ಆಡಿಸಬಹುದು. ಮಾರ್ತಾ ಬೆಳೆದದ್ದೇ ಹಾಗೆ. ದೊಡ್ಡ ಹುಡುಗರು ಬೇಡ. ಡಿಕ್ಕಿಯಲ್ಲಿ ಪೆಟ್ಟಾಗುತ್ತದೆ, ಮಾತಿನಲ್ಲಿ ಇನ್ನೂ ಹೆಚ್ಚು. ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ, ಮೈದಾನದಲ್ಲಿ ನೀವೇ ನಿಂತಿರಿ.

ಆ ತಂದೆಗೆ ಹೇಳಲು ನಮ್ಮದೇ ಒಂದು ಉದಾಹರಣೆಯೂ ಇದೆ. 2021ರ ನವೆಂಬರ್‌ನಲ್ಲಿ ಭಾರತದ ಮಹಿಳಾ ತಂಡ ಬ್ರೆಜಿಲ್‌ನ ಮನಾಸ್‌ಗೆ ಹೋಗಿ ಆಡಿತು. ಮೇಲೆ ಹೇಳಿದ ಫೊರ್ಮಿಗಾ ದೇಶಕ್ಕಾಗಿ ಆಡಿದ ಕೊನೆಯ ಪಂದ್ಯ ಅದು. ಮೊದಲ ನಿಮಿಷದಲ್ಲೇ ಬ್ರೆಜಿಲ್ ಗೋಲು ಹೊಡೆಯಿತು. ಎಂಟನೆಯ ನಿಮಿಷದಲ್ಲಿ ಮನೀಷಾ ಕಲ್ಯಾಣ್ ಓಡಿಹೋಗಿ ಸಮ ಮಾಡಿದಳು. ಕೊನೆಗೆ 1–6. ಅಲ್ಲೇ ಚಿಲಿಗೆ 0–3, ವೆನೆಜುವೆಲಾಕ್ಕೆ 1–2. ಮೂರೂ ಸೋಲು. 2025ರ ಜುಲೈನಲ್ಲಿ ಭಾರತ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2–1ರಿಂದ ಸೋಲಿಸಿ, ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್ ಸೇರಿತು. ಮನಾಸ್‌ಗೆ ಹೋಗಿದ್ದರಿಂದಲೇ ಇದಾಯಿತು ಎಂದು ನಾನು ಹೇಳಲಾರೆ. ಆದರೆ ಮನೆಯಲ್ಲಿ ಕೂತಿದ್ದರೆ ಆಗುತ್ತಿರಲಿಲ್ಲ ಎಂದು ಹೇಳಬಲ್ಲೆ.

ಕೊನೆಗೆ ನಿಮ್ಮ ಗೋಲ್‌ಕೀಪರ್. ಅವಳನ್ನು ಮೈದಾನಕ್ಕೆ ಕರೆಯುವ ಮೊದಲು ಒಂದು ಸಲ ಅವಳ ಜೊತೆ ಕೂತು ಆ ಒಂಬತ್ತು ಗೋಲುಗಳನ್ನು ನೆನಪು ಮಾಡಿಕೊಳ್ಳಿ. ಪ್ರತಿಯೊಂದಕ್ಕೂ ಮುಂಚೆ ಚೆಂಡು ಎಲ್ಲಿ ಕಳೆದುಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಇಂಥ ಪಂದ್ಯದ ಆರೇಳು ಗೋಲು ಮೈದಾನದ ನಡುವಿನಲ್ಲೇ ಹುಟ್ಟಿರುತ್ತವೆ. ಗೋಲ್‌ಕೀಪರ್‌ಗೆ ಸಿಕ್ಕಿದ್ದು ಒಂಟಿಯಾಗಿ ಎದುರು ಬರುವ ಆಟಗಾರ್ತಿ ಮಾತ್ರ. ಅದು ಕಾಗದದ ಮೇಲೆ ಕಂಡರೆ ಅವಳ ಮನಸ್ಸು ಅರ್ಧ ಹಗುರಾಗುತ್ತದೆ, ಉಳಿದ ಹದಿನೈದು ಜನಕ್ಕೂ ತಮ್ಮ ಪಾಲು ಗೊತ್ತಾಗುತ್ತದೆ.

ಆಮೇಲೆ ಲೊರೆನಾಳನ್ನು ತೋರಿಸಿ. ಅದೇ ಕೋಪಾದ ಗುಂಪು ಹಂತದಲ್ಲಿ ಕೊಲಂಬಿಯಾ ಎದುರು ಮೊದಲಾರ್ಧದಲ್ಲೇ ಅವಳಿಗೆ ಕೆಂಪು ಕಾರ್ಡ್, ಸೆಮಿಫೈನಲ್‌ನಲ್ಲಿ ಅವಳಿಲ್ಲ. ಫೈನಲ್‌ಗೆ ಮರಳಿದವಳು ನಾಲ್ಕು ಗೋಲು ಬಿಟ್ಟುಕೊಟ್ಟಳು, ಅದರಲ್ಲಿ ಒಂದು ತನ್ನದೇ ತಂಡದವಳು ತಳ್ಳಿದ್ದು. ಶೂಟೌಟ್‌ನ ಕೊನೆಯ ಒದೆತಕ್ಕೆ ಮುನ್ನ ಗೋಲಿನ ಗೆರೆಯ ಮೇಲೆ ನಿಂತವಳು ಅವಳೇ. ಆ ಒದೆತವನ್ನು ತಡೆದಳು.

ಇನ್ನೊಂದು. ಹುಡುಗಿಯ ಕೈಗವಸು ಅವಳದ್ದೇ ಅಳತೆಯದ್ದೋ ಎಂದು ನೋಡಿ. ಹೆಚ್ಚಿನ ಶಾಲೆಗಳ ಕಿಟ್‌ನಲ್ಲಿರುವುದು ದೊಡ್ಡ ಹುಡುಗರ ಜೋಡಿ. ಬೆರಳ ತುದಿಯಲ್ಲಿ ಒಂದಿಂಚು ಖಾಲಿ ಇರುವ ಕೈಗವಸಿನಲ್ಲಿ ಲೊರೆನಾ ಕೂಡ ಚೆಂಡು ಹಿಡಿಯಲಾರಳು.